ಇಲ್ಲಿ ಕಳ್ಳರಿಲ್ಲ, ಮರೆಗುಳಿಗಳಿದ್ದಾರೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ನೀರು ಕಾವೇರಿಯದೋ ಬೋರ್‌ವೆಲ್‌ದೋ ಎಂದು ವಿಚಾರಿಸಿದ ಮೇಲೆ ಕೇಳುವ ಎರಡನೇ ಪ್ರಶ್ನೆ, ‘ಏರಿಯಾ ಸೇಫಾ?’ ಮನೆ ಮಾಲೀಕರು, ಬ್ರೋಕರು, ಮೂಲೆ ಅಂಗಡಿಯವರು, ಇಸ್ತ್ರಿ ಗಾಡಿಯವನು, ಯಾರನ್ನೇ ಕೇಳಿ, ಉತ್ತರ ಒಂದೇ. ‘ತುಂಬಾ ಡೀಸೆಂಟ್ ಲೊಕಾಲಿಟಿ ಸಾರ್, ಎಲ್ಲಾ ಫ್ಯಾಮಿಲಿಗಳೇ.’ ಹೀಗೆ ಹೇಳುವವರ ಬೆನ್ನ ಹಿಂದೆ ಕಿಟಕಿಗೆ ಕಬ್ಬಿಣದ ಗ್ರಿಲ್, ಬಾಗಿಲ ಮುಂದೆ ಇನ್ನೊಂದು ಕಬ್ಬಿಣದ ಬಾಗಿಲು, ಕಾಂಪೌಂಡಿನ ಮೇಲೆ ಸಾಲಾಗಿ ನೆಟ್ಟ ಗಾಜಿನ ಚೂರು, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ, ಎಲ್ಲವೂ ಕಾಣುತ್ತಿರುತ್ತವೆ. ಅವುಗಳ ಬಗ್ಗೆ ಕೇಳಬಾರದು. ಡೀಸೆಂಟ್ ಲೊಕಾಲಿಟಿಯಲ್ಲಿ ಅವೆಲ್ಲ ಅಲಂಕಾರಕ್ಕೆ.

ನಮ್ಮ ಬಡಾವಣೆಯೂ ಡೀಸೆಂಟೇ. ಇಲ್ಲಿ ಅಪರಾಧದ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅದನ್ನು ಹೀಗೆ ಇಳಿಸುವುದಕ್ಕೆ ಎಷ್ಟು ಜನ ಎಷ್ಟು ಬೆವರು ಹರಿಸುತ್ತಿದ್ದಾರೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ಪೊಲೀಸರೊಬ್ಬರಿಂದಲೇ ಆಗುವ ಕೆಲಸವಲ್ಲ ಅದು. ನಾಗರಿಕರಾದ ನಾವೂ ಕೈ ಜೋಡಿಸಿದ್ದೇವೆ. ಕಳ್ಳರನ್ನು ಮಾತ್ರ ಸೇರಿಸಿಕೊಂಡಿಲ್ಲ. ಅವರು ಅವರ ಪಾಡಿಗೆ ದುಡಿಯುತ್ತಿದ್ದಾರೆ.

ಮೂರನೇ ಕ್ರಾಸಿನ ನಿವೃತ್ತ ಮೇಷ್ಟ್ರ ಪ್ರಕರಣ ನೋಡಿ. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಗೇಟಿನಿಂದ ಹೊರಗೆ ಬಂದು, ಮಗನಿಗೆ ಫೋನು ಹಚ್ಚಿ ಕಿವಿಗೆ ಇಟ್ಟುಕೊಂಡಿದ್ದಾರೆ. ಹಿಂದಿನಿಂದ ಬೈಕಿನಲ್ಲಿ ಬಂದ ಇಬ್ಬರು ‘ಹಲೋ’ ಮುಗಿಯುವಷ್ಟರಲ್ಲಿ ಫೋನು ಕಿತ್ತುಕೊಂಡು ಹೋದರು. ಮೇಷ್ಟ್ರು ಠಾಣೆಗೆ ಹೋಗುವಾಗ ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ಜಪ್ತಿಯಾದ ಬೈಕುಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಸ್ಕೂಟರಿನ ಹರಿದ ಸೀಟಿನೊಳಗೆ ಬೆಕ್ಕು ಮರಿ ಹಾಕಿತ್ತು. ಕೇಸು ಎಷ್ಟು ಹಳೆಯದೆಂದರೆ ಆ ಬೆಕ್ಕಿನ ಅಜ್ಜಿಯೂ ಅಲ್ಲೇ ಹುಟ್ಟಿರಬೇಕು.

ಒಳಗೆ ರೈಟರ್ ಕೂತಿದ್ದರು. ಬಹಳ ಮರ್ಯಾದಸ್ಥ ಮನುಷ್ಯ. ಮೇಷ್ಟ್ರು ಎಂದು ಗೊತ್ತಾದ ತಕ್ಷಣ ಕುರ್ಚಿ ಹಾಕಿಸಿದರು, ಟೀ ತರಿಸಿದರು.

‘ಹೇಳಿ ಮೇಷ್ಟ್ರೇ, ಏನ್ ಕಳೆದುಹೋಯ್ತು?’

‘ಕಳೆದುಹೋಗಿಲ್ಲಪ್ಪಾ, ಕಿತ್ಕೊಂಡು ಹೋದ್ರು.’

‘ಯಾರು ಅಂತ ನೋಡಿದ್ರಾ?’

‘ಇಬ್ರೂ ಹೆಲ್ಮೆಟ್ ಹಾಕಿದ್ರು.’

‘ನೋಡಿ ಮತ್ತೆ. ಹಿಂದೆ ಕೂತವನೂ ಹೆಲ್ಮೆಟ್ ಹಾಕಿದ್ದ ಅಂದ್ರೆ ಕಾನೂನು ಪಾಲಿಸೋರೇ ಇರ್ಬೇಕು. ಗಾಡಿ ನಂಬರ್?’

‘ಕನ್ನಡಕ ಹಾಕಿರ್ಲಿಲ್ಲ.’

ರೈಟರ್ ಪೆನ್ನು ಕೆಳಗಿಟ್ಟರು. ನಿಜವಾದ ಕಳಕಳಿಯಿಂದ ಮಾತಾಡಿದರು. ‘ಮೇಷ್ಟ್ರೇ, ನಮ್ ತಂದೆ ವಯಸ್ಸು ನಿಮ್ದು. ಎಫ್‌ಐಆರ್ ಮಾಡೋಕೆ ನಂಗೇನಿಲ್ಲ. ಆಮೇಲೆ ಮಹಜರಿಗೆ ಬನ್ನಿ ಅಂತೀವಿ, ಸ್ಟೇಟ್‌ಮೆಂಟಿಗೆ ಬನ್ನಿ ಅಂತೀವಿ. ಕಳ್ಳ ಸಿಕ್ಕಿದ ಅಂತಿಟ್ಕೊಳ್ಳಿ, ಗುರುತು ಹಿಡಿಯೋಕೆ ಬನ್ನಿ ಅಂತೀವಿ. ಕೋರ್ಟು ಸಮನ್ಸ್ ಕಳಿಸುತ್ತೆ. ಮಂಡಿ ನೋವು ಬೇರೆ ಅಂತೀರಿ. ಫೋನಿಗೆ ಇನ್ಶೂರೆನ್ಸ್ ಇದ್ಯಾ? ಇಲ್ಲ ತಾನೇ? ಮತ್ಯಾಕೆ ಎಫ್‌ಐಆರು? ಇ-ಲಾಸ್ಟಲ್ಲಿ ಹಾಕಿ, ಎರಡ್ ನಿಮಿಷ. ಆ ಚೀಟಿ ತೋರಿಸಿದ್ರೆ ಹೊಸ ಸಿಮ್ ಕೊಡ್ತಾರೆ.’

ಹಾಗಾಗಿ ದಾಖಲೆಯ ಪ್ರಕಾರ ಆವತ್ತು ನಮ್ಮ ಬಡಾವಣೆಯಲ್ಲಿ ಸುಲಿಗೆ ನಡೆಯಲಿಲ್ಲ. ಒಬ್ಬ ಮುದುಕರು ಫೋನನ್ನು ಎಲ್ಲೋ ಮರೆತರು, ಅಷ್ಟೇ. ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇರುವುದು ಕಳೆದುಕೊಂಡ ವಸ್ತುಗಳಿಗೆ, ಕಸಿದುಕೊಂಡು ಹೋದ ವಸ್ತುಗಳಿಗಲ್ಲ. ಅದರಲ್ಲಿ ನಮೂದಾದದ್ದು ಅಪರಾಧದ ಲೆಕ್ಕಕ್ಕೆ ಬರುವುದಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ಮೇಷ್ಟ್ರು, ‘ವಾಕಿಂಗ್ ಹೋಗುವಾಗ ಎಲ್ಲೋ ಬಿದ್ದುಹೋಗಿರುತ್ತದೆ’ ಎಂದು ತಮ್ಮ ಕೈಯಾರೆ ಟೈಪು ಮಾಡಿ ಬಂದರು. ನಮ್ಮ ಏರಿಯಾದಲ್ಲಿ ಈ ಮರೆವಿನ ಕಾಯಿಲೆ ಎಷ್ಟು ಹಬ್ಬಿದೆಯೆಂದರೆ ಹೆಂಗಸರು ಕೊರಳಲ್ಲಿದ್ದ ಸರವನ್ನೇ ಮರೆತು ಬರುತ್ತಾರೆ. ಕುತ್ತಿಗೆಯ ಮೇಲೆ ಬರೆ ಮಾತ್ರ ನೆನಪಿಗೆ ಉಳಿದಿರುತ್ತದೆ. ಈ ವ್ಯವಹಾರವನ್ನು ಪೊಲೀಸು ಇಲಾಖೆಗಿಂತ ನಿಮ್ಹಾನ್ಸ್‌ಗೆ ವಹಿಸುವುದು ಸೂಕ್ತ.

ಕಾನೂನು ಏನು ಹೇಳುತ್ತದೆ ಎಂಬುದು ಬೇರೆ ಮಾತು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರಿನಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದುಕೊಂಡು ಓಡುವುದಕ್ಕೇ ಪ್ರತ್ಯೇಕವಾದ 304ನೇ ಕಲಂ ಇದೆ. ಹಳೆಯ ದಂಡಸಂಹಿತೆಯಲ್ಲಿ ಸರಗಳ್ಳರಿಗೆ ಸ್ವಂತದ್ದೊಂದು ಕಲಂ ಇರಲಿಲ್ಲ, ಪಾಪ, ಹಂಚಿಕೊಂಡು ಬದುಕುತ್ತಿದ್ದರು. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂಬ ಝೀರೋ ಎಫ್‌ಐಆರ್ ಕೂಡ ಈಗ ಕಾನೂನಿನಲ್ಲೇ ಇದೆ. ಕೆಲವು ಠಾಣೆಗಳು ಅದನ್ನು ಅಕ್ಷರಶಃ ಪಾಲಿಸುತ್ತವೆ. ದಿನದ ಕೊನೆಗೆ ಎಣಿಸಿದರೆ ಎಫ್‌ಐಆರ್ ಝೀರೋ.

ಪೊಲೀಸರನ್ನು ಬೈದು ಪ್ರಯೋಜನವಿಲ್ಲ. ತಿಂಗಳ ಕ್ರೈಂ ಮೀಟಿಂಗಿನಲ್ಲಿ ‘ನಿನ್ನ ಠಾಣೆಯಲ್ಲಿ ಯಾಕಯ್ಯಾ ಕೇಸು ಜಾಸ್ತಿ?’ ಎಂದು ಮೇಲಿನವರು ಕೇಳುತ್ತಾರೆ. ‘ನಿನ್ನ ಠಾಣೆಯಲ್ಲಿ ಯಾಕಯ್ಯಾ ಕೇಸೇ ಇಲ್ಲ?’ ಎಂದು ಯಾರೂ ಕೇಳುವುದಿಲ್ಲ. ಹೆಚ್ಚು ಕೇಸು ಬರೆದವನು ದಡ್ಡ, ಬರೆಯದವನು ದಕ್ಷ. ಇಂಥ ಪರೀಕ್ಷೆಯಲ್ಲಿ ನೀವಾದರೂ ನಾನಾದರೂ ಇನ್ನೇನು ಮಾಡುತ್ತೇವೆ?

ಹೀಗೆ ಸೋಸಿ, ಜರಡಿ ಹಿಡಿದು ಉಳಿದ ಅಂಕಿಗಳು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸೇರುತ್ತವೆ. ಅಲ್ಲಿ ಅವಕ್ಕೆ ಎರಡನೇ ಸಂಸ್ಕಾರ. ಒಂದೇ ಎಫ್‌ಐಆರಿನಲ್ಲಿ ನಾಲ್ಕು ಅಪರಾಧಗಳಿದ್ದರೆ ಅತಿ ಘೋರವಾದದ್ದನ್ನು ಮಾತ್ರ ಎಣಿಸುವುದು ಬ್ಯೂರೋದ ಪದ್ಧತಿ. ಮನೆಗೆ ನುಗ್ಗಿ, ದೋಚಿ, ಹೋಗುವಾಗ ಕೊಲೆಯನ್ನೂ ಮಾಡಿದರೆ ಲೆಕ್ಕಕ್ಕೆ ಬರುವುದು ಕೊಲೆ ಒಂದೇ. ಉಳಿದದ್ದು ಆಷಾಢದ ಸೇಲಿನಲ್ಲಿ ಸೀರೆಯ ಜೊತೆ ಬಂದ ಬ್ಲೌಸ್ ಪೀಸಿನ ಹಾಗೆ ಉಚಿತ. ಇನ್ನು ಒಂದು ಲಕ್ಷ ಜನಕ್ಕೆ ಎಷ್ಟು ಅಪರಾಧ ಎಂದು ಭಾಗಿಸುವಾಗ ಮಹಾನಗರಗಳಿಗೆ ಬಳಸುವುದು 2011ರ ಜನಗಣತಿಯ ಸಂಖ್ಯೆ. ಬೆಂಗಳೂರಿಗೆ ಸುಮಾರು 85 ಲಕ್ಷ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲ. ಹಾಗಾಗಿ 2011ರ ನಂತರ ಈ ಊರಿಗೆ ಬಂದವರು ಲೆಕ್ಕದ ಪ್ರಕಾರ ಇನ್ನೂ ರೈಲಿನಲ್ಲೇ ಇದ್ದಾರೆ. ಅವರ ಬೈಕು ಕಳುವಾದರೆ ಮಾತ್ರ ಅದು ಬೆಂಗಳೂರಿನದ್ದು. ಮನುಷ್ಯ ಇಲ್ಲ, ಅವನ ಬೈಕು ಇದೆ, ಅದೂ ಕಳುವಾದ ಮೇಲೆ.

ಇದೇ ಪಟ್ಟಿಯಲ್ಲಿ ಕೋಲ್ಕತ್ತ ವರ್ಷಗಳಿಂದ ದೇಶದ ಅತ್ಯಂತ ಸುರಕ್ಷಿತ ಮಹಾನಗರ. 2022ರಲ್ಲಿ ಅಲ್ಲಿ ಲಕ್ಷ ಜನಕ್ಕೆ 86.5 ಸಂಜ್ಞೇಯ ಅಪರಾಧಗಳು. ಎದ್ದುಬಿದ್ದು ಕೇಸು ದಾಖಲಿಸುವ ಕೇರಳ ಮಾತ್ರ ಪ್ರತಿಸಲ ಪಟ್ಟಿಯ ಮೇಲಿನ ಸಾಲುಗಳಲ್ಲಿ ನಿಂತು ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಅಪರಾಧ ಹೆಚ್ಚುವುದೇ ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದೇ ಬೇರೆ ಎಂದು ಬ್ಯೂರೋದವರೇ ತಮ್ಮ ವರದಿಯಲ್ಲಿ ಎಚ್ಚರಿಸುತ್ತಾರೆ. ಸಿಗರೇಟು ಪ್ಯಾಕಿನ ಮೇಲಿನ ಎಚ್ಚರಿಕೆಯನ್ನು ಸೇದುವವರು ಎಷ್ಟು ಓದುತ್ತಾರೋ ಪತ್ರಿಕೆಗಳವರು ಇದನ್ನು ಅಷ್ಟೇ ಓದುತ್ತಾರೆ. ಮರುದಿನ ಮುಖಪುಟದಲ್ಲಿ ಯಾವ ಊರು ಫಸ್ಟು, ಯಾವ ಊರು ಲಾಸ್ಟು, ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ.

ಕೌಟಿಲ್ಯನ ಕಾಲದಲ್ಲಿ ಬೇರೆ ಏರ್ಪಾಡಿತ್ತು. ಕದ್ದ ಮಾಲನ್ನು ರಾಜ ಹಿಡಿದು ತಂದುಕೊಡಬೇಕು, ಆಗದಿದ್ದರೆ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು ಎಂದು ಅರ್ಥಶಾಸ್ತ್ರದಲ್ಲಿದೆ. ಇದನ್ನು ನಾಳೆಯೇ ಜಾರಿಗೆ ತಂದರೆ ಹೇಗಿರುತ್ತದೆ ಎಂದು ಯೋಚಿಸಿ ನೋಡಿದೆ. ನಾಡಿದ್ದು ಬೆಳಿಗ್ಗೆ ನಮ್ಮ ಇಡೀ ಬಡಾವಣೆ ಠಾಣೆಯ ಮುಂದೆ ಕ್ಯೂ ನಿಂತಿರುತ್ತದೆ. ಎಲ್ಲರ ಮನೆಯಲ್ಲೂ ಅರ್ಧ ಕೆಜಿ ಬಂಗಾರ ಇತ್ತೆಂದು ಆವತ್ತೇ ಗೊತ್ತಾಗುತ್ತದೆ. ಕಳೆದುಕೊಂಡವನಿಗೆ ಲಾಭವಿದ್ದರೆ ನಾವೂ ಸತ್ಯವಂತರಲ್ಲ. ಈಗ ನಾವು ಸುಮ್ಮನಿರುವುದು ಕೂಡ ಲಾಭಕ್ಕೇ.

ಎಷ್ಟು ಲಾಭ ಎಂದು ತಿಳಿಯಬೇಕಾದರೆ ಕ್ಷೇಮಾಭಿವೃದ್ಧಿ ಸಂಘದ ಸಭೆಗೆ ಬರಬೇಕು. ಗಣೇಶನ ದೇವಸ್ಥಾನದ ಹಿಂದಿನ ಹಾಲಿನಲ್ಲಿ ಭಾನುವಾರ ಹತ್ತೂವರೆಗೆ ಸಭೆ. ಬೆಳಗ್ಗೆ ತಿಂಡಿಗೆ ಉಪ್ಪಿಟ್ಟು ಕೇಸರಿಬಾತು ಇದ್ದರೆ ಕೋರಂ, ಇಲ್ಲದಿದ್ದರೆ ಮುಂದೂಡಿಕೆ. ಎರಡನೇ ಮೇನಿನಲ್ಲಿ ಬೀಗ ಹಾಕಿದ ಮನೆಯೊಂದನ್ನು ಒಡೆದು, ಬೀರು ಮಗುಚಿ, ದೇವರ ಮನೆಯ ಬೆಳ್ಳಿ ಚೊಂಬಿನ ತನಕ ಬಳಿದುಕೊಂಡು ಹೋದ ವಾರವದು. ಮನೆಯವರು ಎದ್ದು ನಿಂತು, ಪತ್ರಿಕೆಗೆ ತಿಳಿಸೋಣ, ಕಮಿಷನರ ಕಚೇರಿಗೆ ಹೋಗೋಣ ಎಂದರು. ಸಭೆ ಗಪ್‌ಚಿಪ್. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು.

‘ನಿಮ್ಮ ದುಃಖ ನಮ್ಮ ದುಃಖ. ಆದ್ರೆ ಪೇಪರಲ್ಲಿ ಬಂತು ಅಂತಿಟ್ಕೊಳ್ಳಿ, ಥರ್ಟಿ ಫಾರ್ಟಿ ಸೈಟಿಗೆ ರೇಟು ಎಷ್ಟು ಇಳಿಯುತ್ತೆ ಗೊತ್ತಾ? ನಿಮ್ಮದೂ ಸೇರಿ?’

ಮನೆಯವರು ಕೂತರು. ಬೆಳ್ಳಿ ಚೊಂಬು ಎಷ್ಟು ಬಾಳುತ್ತದೆ, ಸೈಟು ಎಷ್ಟು ಬಾಳುತ್ತದೆ ಎಂಬ ಲೆಕ್ಕ ಅವರ ಮುಖದ ಮೇಲೆ ಓಡುವುದನ್ನು ನಾನು ಎದುರು ಸಾಲಿನಿಂದ ಕಂಡೆ. ಅಪರಾಧ ಏರಿದರೆ ಸೈಟಿನ ಬೆಲೆ ಇಳಿಯುತ್ತದೆ ಎಂದು ಸಭೆಯಲ್ಲಿದ್ದ ಯಾರೂ ನಂಬಿರಲಿಲ್ಲ. ಎಫ್‌ಐಆರ್ ಏರಿದರೆ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಠಾಣೆಯೂ ಸಂಘವೂ ಬೇರೆ ಯಾವ ವಿಷಯದಲ್ಲೂ ಇಷ್ಟು ಒಮ್ಮತದಿಂದ ಇದ್ದದ್ದಿಲ್ಲ.

ಕೊನೆಗೆ ಸಿಸಿಟಿವಿ ಹಾಕಿಸುವುದೆಂದು ತೀರ್ಮಾನವಾಯಿತು. ಇದು ಎಲ್ಲ ಸಭೆಗಳ ತೀರ್ಮಾನ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ದೇಶದ ಎಂಟು ಮಹಾನಗರಗಳನ್ನು ಆರಿಸಿದಾಗ ಬೆಂಗಳೂರೂ ಸೇರಿತ್ತು. ನೂರಾರು ಕೋಟಿ ಖರ್ಚಾಗಿ, ಸಾವಿರಾರು ಕ್ಯಾಮೆರಾಗಳು ಕಂಬ ಹತ್ತಿವೆ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಜನ ಸೇರುವ ಅಂಗಡಿ ಮುಂಗಟ್ಟುಗಳೂ ಕ್ಯಾಮೆರಾ ಹಾಕಿಸಬೇಕು. ನಮ್ಮ ರಸ್ತೆಯಲ್ಲಿ ಮನುಷ್ಯರಿಗಿಂತ ಕ್ಯಾಮೆರಾಗಳೇ ಹೆಚ್ಚು. ಆದರೆ ಪ್ರತಿಯೊಂದೂ ಯಜಮಾನನ ಕಾರನ್ನು ಮಾತ್ರ ನೆಟ್ಟ ಕಣ್ಣಿನಿಂದ ನೋಡುತ್ತಿರುತ್ತದೆ. ಕಳ್ಳ ಆ ಚೌಕದ ಎಡದಿಂದ ಬಂದು ಬಲಕ್ಕೆ ಹೋಗುವುದು ಮೂರು ಸೆಕೆಂಡು, ಅದರಲ್ಲೂ ಮುಖದ ಜಾಗದಲ್ಲಿ ಬಿಳಿ ಚುಕ್ಕೆ. ಚಂದ್ರಯಾನದ ಚಿತ್ರಗಳು ಇದಕ್ಕಿಂತ ಸ್ಪಷ್ಟವಾಗಿದ್ದವು. ಆದರೂ ಕ್ಯಾಮೆರಾ ದಂಡವಾಗಿಲ್ಲ. ಯಾರ ಮನೆಯ ನಾಯಿ ಯಾರ ಗೇಟಿನ ಮುಂದೆ ಕೂತು ಎದ್ದಿತು, ಮೇಲಿನ ಪೀಜಿಯ ಹುಡುಗಿ ಎಷ್ಟು ಗಂಟೆಗೆ ಬಂದಳು, ಯಾರ ಬೈಕಿನಲ್ಲಿ ಬಂದಳು, ಈ ಮಾಹಿತಿಯೆಲ್ಲ ಅಣುಅಣುವಾಗಿ ಲಭ್ಯ. ಆ ಹುಡುಗಿಯ ಹಿಂದೆ ಬಸ್‌ಸ್ಟಾಪಿನಿಂದ ಒಬ್ಬ ನಡೆದುಬಂದದ್ದು ಮಾತ್ರ ಯಾವ ಕ್ಯಾಮೆರಾದಲ್ಲೂ ಇಲ್ಲ. ಅಲ್ಲಿ ದೀಪದ ಕಂಬ ಕೆಟ್ಟು ಆರು ತಿಂಗಳಾಗಿದೆ.

ಕಳ್ಳ ಕಾಣದಿದ್ದರೂ ಕಳ್ಳ ಯಾರೆಂಬುದು ಸಂಘಕ್ಕೆ ಗೊತ್ತು. ಹೊರಗಿನವನು. ತಳ್ಳುಗಾಡಿಯವನು, ಚಿಂದಿ ಆಯುವವಳು, ಕಟ್ಟಡ ಕೆಲಸಕ್ಕೆ ಬಿಹಾರದಿಂದ ಬಂದವನು, ಸಲೂನಿನ ಮಣಿಪುರದ ಹುಡುಗ. ಮನೆಗೆಲಸದ ಹೆಂಗಸು ಹೊರಡುವಾಗ ಅವಳ ಚೀಲ ಬಿಚ್ಚಿಸಿ ನೋಡುವ ಅಪಾರ್ಟ್‌ಮೆಂಟುಗಳಿವೆ. ಅದೇ ಅಪಾರ್ಟ್‌ಮೆಂಟು ರಾಜಕಾಲುವೆಯ ಮೇಲೆ ಎದ್ದು ನಿಂತಿದ್ದರೆ ಅದರ ಚೀಲ ಬಿಚ್ಚಿಸಿ ನೋಡುವವರಿಲ್ಲ. ಈ ಪತ್ತೇದಾರಿ ಬುದ್ಧಿ ತೀರಾ ಹುರುಪಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೂ ಈ ಊರಿನಲ್ಲಿ ದಾಖಲೆ ಇದೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ನಂಬಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದ ಯುವಕನೊಬ್ಬನನ್ನು ಹಗ್ಗದಲ್ಲಿ ಕಟ್ಟಿ ಎಳೆದಾಡಿ, ಬ್ಯಾಟು ದೊಣ್ಣೆಗಳಿಂದ ಹೊಡೆದು ಕೊಂದರು. ಹಾಡಹಗಲು, ನಗರದ ನಡುಮಧ್ಯೆ. ಹೊಡೆದವರು ತಮ್ಮ ಬೀದಿಯ ಸುರಕ್ಷತೆಗಾಗಿ ಹೊಡೆದರು. ಆ ವರ್ಷದ ಕೊಲೆಗಳ ಪಟ್ಟಿಗೆ ಒಂದನ್ನು ಸೇರಿಸಿದವರು ಕಳ್ಳರಲ್ಲ, ಕಾವಲಿಗೆ ನಿಂತವರು. ಅದನ್ನು ಇ-ಲಾಸ್ಟಿನಲ್ಲಿ ಹಾಕಲು ಆಗಲಿಲ್ಲ.

ಒಳಗಿನವರ ವಿಷಯಕ್ಕೆ ಬಂದರೆ ಸಂಘ ಮೌನ. ಮಹಿಳೆಯರ ಮೇಲಿನ ಅಪರಾಧಗಳಲ್ಲಿ ಪ್ರತಿವರ್ಷವೂ ಮೊದಲ ಸ್ಥಾನ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯಕ್ಕೆ. 2022ರಲ್ಲಿ ಮಹಿಳೆಯರ ಮೇಲಿನ ಅಪರಾಧವೆಂದು ದೇಶದಲ್ಲಿ ದಾಖಲಾದ 4.45 ಲಕ್ಷ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅದೇ. ಅವನು ಗೇಟಿನಲ್ಲಿ ಹೆಸರು ಬರೆಸಬೇಕಿಲ್ಲ, ವಾಚ್‌ಮನ್ ಎದ್ದು ಸಲಾಮು ಹೊಡೆಯುತ್ತಾನೆ. ಐದನೇ ಕ್ರಾಸಿನ ಮೂಲೆ ಮನೆಯಿಂದ ಶನಿವಾರ ರಾತ್ರಿ ಕೇಳಿಬರುವ ಶಬ್ದದ ಬಗ್ಗೆ ನಾನೊಮ್ಮೆ ಸಭೆಯಲ್ಲಿ ಬಾಯಿ ತೆರೆದೆ. ‘ಅದು ಅವರ ಮನೆ ವಿಷಯ ಬಿಡಿ. ಟಿವಿ ಸೌಂಡು ಜಾಸ್ತಿ ಇಡ್ತಾರೆ’ ಎಂದರು ಖಜಾಂಚಿಗಳು. ಮುಂದಿನ ವಿಷಯ ಬೀದಿನಾಯಿಗಳ ಬೊಗಳಾಟ. ಅದರ ಮೇಲೆ ಒಂದೂವರೆ ಗಂಟೆ ಚರ್ಚೆಯಾಯಿತು.

ಅಷ್ಟರಲ್ಲಿ ಕಳ್ಳರು ಕಾಲಕ್ಕೆ ತಕ್ಕಂತೆ ಬದಲಾಗಿದ್ದಾರೆ. ಗಾಜಿನ ಚೂರು ದಾಟಿ, ಗ್ರಿಲ್ ಕೊಯ್ದು, ನಾಯಿಗೆ ಬಿಸ್ಕತ್ತು ಹಾಕಿ ಒಳಗೆ ಬರುವ ಕಷ್ಟ ಈಗಿನ ಪೀಳಿಗೆಗೆ ಬೇಡ. 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ಸೈಬರ್ ಅಪರಾಧಗಳು 17,631, ದೇಶದ ಎಲ್ಲ ಮಹಾನಗರಗಳಿಗಿಂತ ಹೆಚ್ಚು. ಊಟ ತಂದ ಡೆಲಿವರಿ ಹುಡುಗನನ್ನು ಗೇಟಿನಲ್ಲಿ ನಿಲ್ಲಿಸಿ, ಫೋಟೋ ಹಿಡಿದು, ಸರ್ವಿಸ್ ಲಿಫ್ಟಿನಲ್ಲೇ ಹೋಗು ಎಂದು ಗದರಿಸಿ ಕಳಿಸುವ ಮನೆಯ ಯಜಮಾನರು, ವಿಡಿಯೊ ಕಾಲಿನಲ್ಲಿ ಖಾಕಿ ತೊಟ್ಟವನೊಬ್ಬ ‘ಡಿಜಿಟಲ್ ಅರೆಸ್ಟ್’ ಎಂದ ಕೂಡಲೇ ಮೂರು ದಿನ ಬೆಡ್‌ರೂಮಿನಲ್ಲಿ ಕೈಕಟ್ಟಿ ಕೂತು ಎಫ್‌ಡಿಗಳನ್ನೆಲ್ಲ ಒಡೆಸಿ ಕಳಿಸುತ್ತಾರೆ. ಇಂಥ ದುಡ್ಡು ತಡೆಹಿಡಿಯಲು 1930ಕ್ಕೆ ತಕ್ಷಣ ಫೋನು ಮಾಡಬೇಕು. ಮಾಡುವುದಿಲ್ಲ. ಮಾಡಿದರೆ ಸೊಸೆಗೆ ಗೊತ್ತಾಗುತ್ತದಲ್ಲ!

ಕಳೆದ ಚಳಿಗಾಲದಲ್ಲಿ ಸಂಘದವರು ಕೈಯಿಂದ ದುಡ್ಡು ಹಾಕಿ ಬಡಾವಣೆಯ ಮುಖ್ಯರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಗೇಟು ಹಾಕಿಸಿದರು. ಹನ್ನೆರಡು ಅಡಿ ಅಗಲ, ಎರಡು ರೆಕ್ಕೆ, ಹಸಿರು ಬಣ್ಣ, ಮೇಲೆ ಈಟಿಯ ತುದಿಗಳು. ಉದ್ಘಾಟನೆಗೆ ಶಾಸಕರ ಕಡೆಯವರು ಬಂದು ಕುಂಬಳಕಾಯಿ ಒಡೆದು ಹೋದರು. ರಾತ್ರಿ ಹನ್ನೊಂದಕ್ಕೆ ಗೇಟು ಬಂದ್, ಬೆಳಿಗ್ಗೆ ಐದಕ್ಕೆ ತೆರೆಯುವುದು. ನಡುವೆ ಬರುವ ಆಂಬುಲೆನ್ಸಿನವರು ಹಾರನ್ನು ಹೊಡೆದು ಗೂರ್ಖನನ್ನು ಎಬ್ಬಿಸಬೇಕು.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಹಾಲಿನವನು ಬಂದಾಗ ಗೇಟು ಇರಲಿಲ್ಲ. ಕೀಲಿನಿಂದ ಬಿಚ್ಚಿ, ಎರಡೂ ರೆಕ್ಕೆಗಳನ್ನು ಟೆಂಪೋಗೆ ಏರಿಸಿಕೊಂಡು ಹೋಗಿದ್ದರು. ಬೀಗವನ್ನು ಮಾತ್ರ ಜಾಣತನದಿಂದ ಕಂಬಕ್ಕೆ ನೇತುಹಾಕಿದ್ದರು. ತುರ್ತು ಸಭೆ ಸೇರಿತು. ದೂರು ಕೊಡೋಣ ಎಂದು ಅಧ್ಯಕ್ಷರು ಎದ್ದರು. ಸಾರ್ವಜನಿಕ ರಸ್ತೆಗೆ ಗೇಟು ಹಾಕಲು ಪಾಲಿಕೆಯ ಅನುಮತಿ ಎಲ್ಲಿ ಎಂದು ಅಲ್ಲೇ ಇದ್ದ ವಕೀಲರು ಕೇಳಿದರು. ಅನುಮತಿ ತೆಗೆದುಕೊಂಡಿರಲಿಲ್ಲ. ದೂರು ಕೊಟ್ಟರೆ ಮೊದಲ ಆರೋಪಿ ಅಧ್ಯಕ್ಷರೇ. ಕೂತರು. ಇ-ಲಾಸ್ಟಿನಲ್ಲಿ ಹಾಕೋಣವೇ ಎಂದು ಖಜಾಂಚಿಗಳು ಮೊಬೈಲು ತೆಗೆದರು. ಹನ್ನೆರಡು ಅಡಿಯ ಗೇಟನ್ನು ಬಸ್ಸಿನಲ್ಲಿ ಬಿಟ್ಟೆವು ಎನ್ನಲಾಗುತ್ತದೆಯೇ ಎಂದು ಹಿಂದಿನಿಂದ ಯಾರೋ ಕೇಳಿದರು. ಬಹುಶಃ ಮೇಷ್ಟ್ರೇ.

ಬಹಳ ಹೊತ್ತು ಚರ್ಚೆಯಾಗಿ, ಕೊನೆಗೆ ಕಾರ್ಯದರ್ಶಿಗಳು ನಡಾವಳಿ ಪುಸ್ತಕ ತೆಗೆದು ‘ಮುಖ್ಯರಸ್ತೆಯ ಗೇಟನ್ನು ಬಣ್ಣ ಬಳಿಸಲು ಕಳುಹಿಸಲಾಗಿದೆ’ ಎಂದು ಬರೆದರು. ಸೂಚಕರು, ಅನುಮೋದಕರು ಸಹಿ ಹಾಕಿದರು. ಬಣ್ಣದ ಖರ್ಚಿಗೆ ಮನೆಯೊಂದಕ್ಕೆ ಐನೂರು ರೂಪಾಯಿ ಎತ್ತುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.